ಬಣ್ಣ ಬಳಿದ ಬಿಲ್ಲೆಗಳು

"ಇವೆರಡೂ ಒಂದೇ ತೂಕ," ಎಂದಳು ಲಾಂಡ್ರಿ ಅಕ್ಕ, ಊಟದ ಡಬ್ಬಿಯ ಚೀಲದಿಂದ ಎರಡು ತೂಕದ ಬಿಲ್ಲೆಗಳನ್ನು ತೆಗೆದು ಜಿಮ್ ಮಾಸ್ಟರ ಮೇಜಿನ ಮೇಲೆ ಕುಕ್ಕಿ. ಒಂದು ಅಂಗೈಯಗಲದ ಕಬ್ಬಿಣದ್ದು. ಇನ್ನೊಂದು ತಟ್ಟೆಯಷ್ಟು ದೊಡ್ಡದಾದ ರಬ್ಬರಿನದು. ಅಂಕಿ ಕಾಣದ ಹಾಗೆ ಎರಡಕ್ಕೂ ಕರಿಬಣ್ಣ ಬಳಿದಿತ್ತು.

ಮಾಸ್ಟರು ಬೆಂಚು ಒರೆಸುತ್ತಿದ್ದ ಬಟ್ಟೆಯನ್ನು ಕೆಳಗಿಡಲಿಲ್ಲ. "ಎಲ್ಲಿ ತೂಗಿದ್ರಿ?"

"ಆಸ್ಪತ್ರೆ ಲಾಂಡ್ರೀಲಿ, ಕೊಳೆ ಬೆಡ್‌ಶೀಟು ತೂಗೋ ತಕ್ಕಡೀಲಿ. ಮೊನ್ನೆ ಹೋಗೋವಾಗ ಚೀಲಕ್ಕೆ ಹಾಕ್ಕೊಂಡು ಹೋಗಿದ್ದೆ. ಕಳ್ಳಿ ಅನ್ನೋದಾದ್ರೆ ಅನ್ನಿ. ಐದು ವಾರ ಮಾಸ್ಟ್ರೇ! ಬಂದಾಗೆಲ್ಲ ಇದನ್ನ ತೆಗೆದು ಅದನ್ನ ಹಾಕ್ತಿದ್ರಿ, ಅದನ್ನ ತೆಗೆದು ಇದನ್ನ ಹಾಕ್ತಿದ್ರಿ. 'ಇವತ್ತು ಎರಡೂವರೆ ಕಿಲೋ ಜಾಸ್ತಿ, ಭೇಷ್ ಅಕ್ಕ' ಅಂತಿದ್ರಿ. ನಾನೋ, ಮನೆಗೆ ಹೋಗಿ ಕನ್ನಡಿ ಮುಂದೆ ತೋಳು ನೋಡ್ಕೋತಿದ್ದೆ."

ಮೂಲೆಯಲ್ಲಿ ಸೈಕಲ್ ತುಳಿಯುತ್ತಿದ್ದ ಟ್ಯಾಕ್ಸಿಯವನು ಖೊಕ್ಕನೆ ನಕ್ಕ. "ನಂಗೂ ಮೂರು ವರ್ಷದಿಂದ ಹೊಟ್ಟೆ ಕರಗ್ತಾ ಇದೆ ಅಂತಾನೇ ಹೇಳ್ತಿದಾರೆ ಕಣಕ್ಕ."

"ನೀವು ಸುಮ್ನೆ ತುಳೀರಿ."

ಅವನು ಸುಮ್ಮನೆ ತುಳಿದ.

ಅಕ್ಕನಿಗೆ ಐವತ್ತೆರಡು. ಗಂಡ ಎಡಭಾಗ ಸ್ವಾಧೀನ ತಪ್ಪಿ ಆಸ್ಪತ್ರೆ ಸೇರಿ ಎರಡು ತಿಂಗಳಾಗಿತ್ತು. ಮನೆಯಲ್ಲಿ ಇರುವವರು ಇಬ್ಬರೇ. ಮನೆಗೆ ಬಂದ ಮೇಲೆ ಅವನನ್ನು ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ದಿನಕ್ಕೆ ಏಳೆಂಟು ಸಲ ಎಬ್ಬಿಸಬೇಕು. ಬಿಡುಗಡೆಯ ದಿನ ವಾರ್ಡಿನ ಫಿಸಿಯೋ ಎದುರಿಗೇ ನಿಂತು ನೋಡುತ್ತಾಳೆ. ಹೆಂಡತಿಗೆ ಎತ್ತಲು ಬಂದರೆ ಮನೆಗೆ, ಬರದಿದ್ದರೆ ಊರಾಚೆಯ ಆರೈಕೆ ಕೇಂದ್ರಕ್ಕೆ. ಆ ಕೇಂದ್ರದ ಹೊದಿಕೆಗಳೂ ಅಕ್ಕನ ಲಾಂಡ್ರಿಗೇ ಬರುತ್ತಿದ್ದವು. ಅಲ್ಲಿನವರು ಹೇಗೆ ಮಲಗಿರುತ್ತಾರೆ ಎನ್ನುವುದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಇನ್ನು ಹನ್ನೊಂದು ದಿನ. ಅವರು ಅರವತ್ತೊಂದು ಕಿಲೋ ಇದಾರೆ. ನಾನು ಎತ್ತುತಾ ಇರೋದು ಸಲಾಕೆ ಸೇರಿ ಇಪ್ಪತ್ತೈದು. ಯಾಕ್ ಹೀಗ್ ಮಾಡಿದ್ರಿ, ಅಷ್ಟು ಹೇಳಿ."

ಮಾಸ್ಟರು ಗೋಡೆ ನೋಡಿದರು. ಎರಡು ವರ್ಷದ ಹಿಂದೆ ಅಲ್ಲೊಂದು ಹಲಗೆ ಇತ್ತು. ಹೊಸಬರಲ್ಲಿ ಯಾರು ಬೇಗ ಬೇಗ ತೂಕ ಏರಿಸುತ್ತಾರೋ ಅವರ ಅಂಕಿಗಳನ್ನು ಅದರ ಮೇಲೆ ಬರೆಯುತ್ತಿದ್ದರು. ಅಂಚೆಯವನೊಬ್ಬ ಸೇರಿದ್ದು ಆಗಲೇ. ಮೂವತ್ತರ ಆಳು, ಕೆಲಸದ ಖಾಕಿ ಅಂಗಿಯಲ್ಲೇ ಬರುತ್ತಿದ್ದವನು. ದಿನಾ ಬಂದ, ದಿನಾ ಐದೈದು ಕಿಲೋ ಏರಿಸಿದ. ನಡುವೆ ಒಂದು ದಿನ ಬಿಡಬೇಕೆಂಬುದು ಅವನಿಗೆ ತಿಳಿದಿರಲಿಲ್ಲ, ಮಾಸ್ಟರಿಗೆ ತಿಳಿದಿತ್ತು. ಒಂಬತ್ತನೆಯ ದಿನ ಅವನ ಬೆನ್ನು ಬಿಲ್ಲಿನ ಹಾಗೆ ಬಾಗಿತು. ಮಾಸ್ಟರು ಅದನ್ನು ಕಂಡರು. ಕಂಡೂ "ಇನ್ನೊಂದು, ಇನ್ನೊಂದೇ" ಎಂದರು. ಆಮೇಲೆ ಕೇಳಿಸಿದ್ದು ಸಣ್ಣ ಶಬ್ದ, ಹಸಿ ಕಡ್ಡಿ ಮುರಿದಷ್ಟೇ.

ಈಗ ಅವನು ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂರುತ್ತಾನೆ. ಏಳಬೇಕಾದರೆ ಎರಡೂ ಅಂಗೈ ಕೌಂಟರಿಗೆ ಒತ್ತಿ, ತುಟಿ ಕಚ್ಚಿ ಏಳುತ್ತಾನೆ. ಮಾಸ್ಟರನ್ನು ಕಂಡರೆ "ಆರಾಮಾ?" ಎನ್ನುತ್ತಾನೆ. ಒಂದು ಸಲ ಬೈದಿದ್ದರೂ ಜೀರ್ಣವಾಗುತ್ತಿತ್ತೇನೋ. ಬೈಯಲಿಲ್ಲ. ಹಲಗೆ ಇಳಿಸಿ, ಒಂದೇ ಮಧ್ಯಾಹ್ನದಲ್ಲಿ ಬಿಲ್ಲೆಗಳಿಗೆಲ್ಲ ಬಣ್ಣ ಬಳಿದರೂ ಆ ಬೆನ್ನು ಜಿಮ್ ಬಿಟ್ಟು ಹೋಗಲಿಲ್ಲ. ಯಾರು ಸಲಾಕೆಗೆ ಬಗ್ಗಿದರೂ ಬಗ್ಗಿದ್ದು ಅದೇ ಖಾಕಿ ಅಂಗಿ. ತಲೆಯೆತ್ತಿದ ಮೇಲಷ್ಟೇ ಬೇರೆ ಮುಖ.

ಇದನ್ನೆಲ್ಲ ಅವರು ಹೇಳಿದ್ದು ನಾಲ್ಕು ಮಾತಿನಲ್ಲಿ. ಟ್ಯಾಕ್ಸಿಯವನ ಸೈಕಲ್ಲು ಯಾವಾಗಲೋ ನಿಂತಿತ್ತು.

ಅಕ್ಕ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ಪಾಪ, ಅವರಿಗೆ ಹಾಗಾಗಬಾರದಿತ್ತು. ಆದ್ರೆ ಅವರ ಬೆನ್ನನ್ನ ತಂದು ನನ್ನ ಬೆನ್ನ ಮೇಲೆ ಯಾಕೆ ಹೊರಿಸ್ತೀರಿ?"

ಮಾಸ್ಟರು ಕೈಯಲ್ಲಿದ್ದ ಬಟ್ಟೆಯನ್ನು ಮೇಜಿನ ಮೇಲಿಟ್ಟರು.

"ನಿಧಾನ ಅಂದ್ರೆ ನಂಗೂ ಅರ್ಥ ಆಗುತ್ತೆ. ನೀವು ನಿಧಾನ ಮಾಡ್ಲಿಲ್ಲ, ನಿಲ್ಸಿಬಿಟ್ರಿ. ಈಗ ಹೇಳಿ, ಹನ್ನೊಂದು ದಿನದಲ್ಲಿ ಎಷ್ಟು ಏರಿಸಬಹುದು?"

"ಅರವತ್ತಂತೂ ಆಗಲ್ಲ."

"ಎಷ್ಟಾಗುತ್ತೆ?"

ಮಾಸ್ಟರು ಬೆರಳು ಮಡಿಚಿದರು. ಮೊದಲಿನಿಂದಲೇ ಸಲಕ್ಕೆ ಎರಡೂವರೆಯಂತೆ ಏರಿಸಿದ್ದರೆ ಇಷ್ಟು ಹೊತ್ತಿಗೆ ಅವಳು ಅರವತ್ತರ ಹತ್ತಿರ ಇರುತ್ತಿದ್ದಳು. ತಮ್ಮ ಹೆದರಿಕೆಯೇ ಅವಳನ್ನು ಅವಸರಕ್ಕೆ ತಂದು ನಿಲ್ಲಿಸಿತ್ತು. ಬೆರಳು ಮಡಿಚಿ ಮುಗಿಸಿದಾಗ ಸಿಕ್ಕ ಲೆಕ್ಕವೂ ಅಂಚೆಯವನದೇ: ಸಲಕ್ಕೆ ಐದು ಕಿಲೋ.

"ದಿನ ಬಿಟ್ಟು ದಿನ," ಎಂದರು. "ಸಲಕ್ಕೆ ಐದು. ಬೆನ್ನು ನೆಟ್ಟಗಿದ್ರೆ ಮಾತ್ರ ಮುಂದಕ್ಕೆ. ಬಾಗಿದ್ರೆ ಅಲ್ಲಿಗೇ ನಿಲ್ಲಿಸ್ತೀನಿ. ಆಗ ಅತ್ತುಕೊಂಡು ಕೂರಬಾರದು."

"ನೀವು ಅಳದಿದ್ರೆ ಸಾಕು. ಮೊದ್ಲು ಈ ಬಣ್ಣ ಕೆರೀರಿ. ಎಷ್ಟು ಎತ್ತುತೀನಿ ಅಂತ ನನ್ನ ಕಣ್ಣಿಗೆ ಕಾಣ್ಬೇಕು."

ಮಾಸ್ಟರು ಸ್ಕ್ರೂಡ್ರೈವರ್ ಹಿಡಿದು ನೆಲದ ಮೇಲೆ ಕೂತರು. ಬಣ್ಣ ಸುಲಭಕ್ಕೆ ಬಿಡಲಿಲ್ಲ.

ಮೂವತ್ತನ್ನು ಅಕ್ಕ ಒದ್ದೆ ಬಟ್ಟೆಯ ಬುಟ್ಟಿ ಎತ್ತಿದ ಹಾಗೆ ಎತ್ತಿದಳು. ಮೂವತ್ತೈದೂ ಆಯಿತು. ನಲವತ್ತರ ದಿನ ಕಿವಿ ಕೆಂಪಾಯಿತು, ಬೆನ್ನು ಅಲ್ಲಾಡಲಿಲ್ಲ. ಅವಳ ಉಸಿರಿಗೆ ಉಸಿರು ಕೂಡಿಸಿ ಮಾಸ್ಟರು ಪಕ್ಕದಲ್ಲಿ ಮಂಡಿಯೂರಿ ಕೂರುತ್ತಿದ್ದರು. ಕಣ್ಣು ಮಿಟುಕಿಸಿದರೆ ಖಾಕಿ ಅಂಗಿ ಬಂದೀತೆಂದು ಕಣ್ಣು ಮಿಟುಕಿಸುತ್ತಿರಲಿಲ್ಲ. ಮನೆಗೆ ಹೋದ ಮೇಲೆ ಕಣ್ಣು ಉರಿಯುತ್ತಿತ್ತು.

ನಲವತ್ತೈದನ್ನು ಎರಡು ಸಲ ಎತ್ತಿದಳು. ಮೂರನೆಯ ಸಲ ಸೊಂಟದ ಮೇಲೆ, ಒಂದು ಬೆರಳಿನಷ್ಟು, ಬೆನ್ನು ದುಂಡಗಾಯಿತು.

"ಇಳಿಸಿ."

"ಇನ್ನೊಂದು..." ಎಂದಳು ಅಕ್ಕ, ಹಲ್ಲು ಕಚ್ಚಿಕೊಂಡೇ. "ಇನ್ನೊಂದೇ..."

"ಇಳಿಸೀಂದ್ರೆ!"

ಆ ಕೂಗಿಗೆ ಟ್ಯಾಕ್ಸಿಯವನ ಕಾಲು ಪೆಡಲಿನಿಂದ ಜಾರಿತು. ಸಲಾಕೆ ನೆಲ ಮುಟ್ಟಿತು. ಎತ್ತಿದ ಅಕ್ಕನ ರವಿಕೆಗಿಂತ ಮಾಸ್ಟರ ಅಂಗಿ ಹೆಚ್ಚು ನೆನೆದಿತ್ತು.

"ಐವತ್ತು ಇಲ್ವಾ ಹಾಗಾದ್ರೆ?"

"ಇಲ್ಲ. ನಾಡಿದ್ದೂ ನಲವತ್ತೈದೇ. ಅವತ್ತು ಮೂರೂ ನೆಟ್ಟಗೆ ಬರ್ಬೇಕು."

"ಇನ್ನೂ ಹದಿನಾರು ಕಿಲೋ ಬಾಕಿ ಇರುತ್ತಲ್ರೀ. ಅದನ್ನ ಯಾರ್ ಎತ್ತುತಾರೆ, ನೀವಾ?"

"ನಿಮ್ಮನೆಯವರ ಬಲಗಾಲು ಎತ್ತುತ್ತೆ. ಒಂದು ಕಾಲು ಗಟ್ಟಿ ಇದೆ ಅಂದ್ರಲ್ಲ. ಅದಕ್ಕೂ ಸ್ವಲ್ಪ ಕೆಲಸ ಕೊಡಿ."

ಅವಳಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಮಾಸ್ಟರಿಗೂ ಪೂರ್ತಿ ಇರಲಿಲ್ಲ. ಒಂದು ದಿನ ಬಿಟ್ಟು ಎತ್ತಿದಾಗ ಮೂರೂ ನೆಟ್ಟಗೆ ಬಂದವು. ಚಪ್ಪಲಿ ಮೆಟ್ಟಿಕೊಳ್ಳುತ್ತ ಅಕ್ಕ, "ನಾಳೆ ಆಸ್ಪತ್ರೆಗೆ ಬನ್ನಿ. ಆದ್ರೆ ನಮ್ಮನ್ನ ಮುಟ್ಟಬಾರದು," ಎಂದಳು.

ವಾರ್ಡಿನಲ್ಲಿ ಫಿನಾಯಿಲಿನ ವಾಸನೆ. ಮಂಚದ ಅಂಚಿನಲ್ಲಿ ಒಬ್ಬ ಸಣಕಲು ಮನುಷ್ಯ, ಹೊಸದಾಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಾಯಿ ಒಂದು ಕಡೆಗೆ ಜಾರಿ, ಕೂತಿದ್ದ. ಎರಡು ಹೆಜ್ಜೆ ಆಚೆಗೆ ಗಾಲಿಕುರ್ಚಿ. ಫಿಸಿಯೋ ಕೈಯಲ್ಲಿ ಕಾಗದ ಹಿಡಿದಿದ್ದಳು. "ನಾನು ಸಹಾಯ ಮಾಡೋದಿಲ್ಲ. ಎತ್ತಿ, ತಿರುಗಿಸಿ, ಕೂರಿಸಿ. ಕೈ ಬಿಟ್ರೆ ಮಾತ್ರ ಹಿಡೀತೀನಿ."

ಅಕ್ಕ ಗಂಡನ ಮೊಣಕಾಲಿಗೆ ತನ್ನ ಮೊಣಕಾಲು ಕೊಟ್ಟಳು. ಅವನ ತೋಳಡಿಯಿಂದ ಕೈ ಹಾಯಿಸಿ ಹಿಂದೆ ಕೊಂಡಿ ಹಾಕಿದಳು. "ಬಲಗಾಲು ಊರಿ. ನಾನು ಹೇಳ್ದಾಗ ಒತ್ತಿ. ನಿದ್ದೆಗಿದ್ದೆ ಮಾಡಬೇಡಿ ಮತ್ತೆ."

ಅವನ ಗಂಟಲಲ್ಲಿ ನಗುವಿನಂಥದೇನೋ ಗೊರಗೊರ ಎಂದಿತು.

ಮಾಸ್ಟರು ಬಾಗಿಲ ಬಳಿ ನಿಂತಿದ್ದರು. ಅವಳು ಬಗ್ಗಿದಳು. ಬಗ್ಗಿದ್ದು ಖಾಕಿ ಅಂಗಿ. ಅದರ ಹೊಲಿಗೆ, ನಡುಬೆನ್ನಿನ ಬೆವರಿನ ಕಲೆ, ಎಲ್ಲ ಕಾಣಿಸಿತು. ಈ ಸಲ ಕಣ್ಣು ತಿರುಗಿಸಲಿಲ್ಲ. ಆ ಕಲೆಯನ್ನೇ ನೋಡಿದರು. ಅದು ಮೇಲಕ್ಕೆ ಬಂತು, ನಡುದಾರಿಯಲ್ಲಿ ನಿಂತು ನಡುಗಿತು, ಬಾಗಲಿಲ್ಲ.

"ಒತ್ತೀಂದ್ರೆ, ಒತ್ತಿ!" ಎಂದಳು ಅಕ್ಕ.

ಗಂಡನ ಬಲಗಾಲಿನ ಹೆಬ್ಬೆರಳು ನೆಲದ ಮೇಲೆ ಬೆಳ್ಳಗಾಯಿತು. ಇಬ್ಬರೂ ಎದ್ದರು. ಎರಡು ಸಣ್ಣ ಹೆಜ್ಜೆ ತಿರುಗಿದರು. ಕುರ್ಚಿಯ ಗಾಲಿ ಕಿರ್ರೆಂದಿತು.

ಫಿಸಿಯೋ ಕಾಗದದ ಮೇಲೆ ಗುರುತು ಹಾಕಿದಳು. "ಮನೆಗೆ ಕರ್ಕೊಂಡ್ ಹೋಗಬಹುದು." ಅಕ್ಕ ಮಂಚದ ಕಂಬಿ ಹಿಡಿದು ಉಸಿರು ಬಿಡುತ್ತಿದ್ದಳು.

ಮಾಸ್ಟರು ಆಗ ಗಮನಿಸಿದರು: ತಾವು ಬಾಗಿಲ ಬಳಿ ಇರಲಿಲ್ಲ. ಯಾವಾಗ ಬಂದರೋ, ಕುರ್ಚಿಯ ಮುಂದೆ ಅರ್ಧ ಬಗ್ಗಿ, ಎರಡೂ ಕೈ ಚಾಚಿ ನಿಂತಿದ್ದರು. ಯಾರನ್ನೂ ಮುಟ್ಟಿರಲಿಲ್ಲ. ಕೈ ಹಿಂದಕ್ಕೆ ಬರಲು ಒಪ್ಪುತ್ತಿರಲಿಲ್ಲ.

ಕುರ್ಚಿಯಲ್ಲಿದ್ದವನು ಆ ಕೈಗಳನ್ನು ನೋಡಿದ. ಗುರುತಿಲ್ಲದ ಮುಖವನ್ನು ನೋಡಿದ. ಯಾರೋ ಮಾತಾಡಿಸಲು ಬಂದಿದ್ದಾರೆಂದು ತಿಳಿದವನಂತೆ, ತನ್ನ ಬಲಗೈ ಎತ್ತಿ ಮಾಸ್ಟರ ಕೈಯನ್ನು ಹಿಡಿದುಕೊಂಡ.

"ಬಿಡಿ ಅವರನ್ನ, ಹೊರಡೋಣ," ಎಂದಳು ಅಕ್ಕ, ಕುರ್ಚಿಯ ಹಿಂದೆ ಬಂದು.

ಅವನು ಬಿಡಲಿಲ್ಲ. ಕುರ್ಚಿ ಮೆಲ್ಲಗೆ ಉರುಳಿತು. ಮಾಸ್ಟರು ಅದರ ಪಕ್ಕದಲ್ಲಿ, ಬಗ್ಗಿದ ಹಾಗೆಯೇ, ಉದ್ದದ ವರಾಂಡದ ಗುಂಟ ನಡೆದರು.