ಎಡಗಡೆ ಸೀಟಿನ ಕ್ಲಿಪ್ಪು

ಟಿಂಗ್ ಟಿಂಗ್, ಎಲ್ಲೋ ಬಡಿದುಕೊಳ್ಳುತ್ತಿದೆ, ಕಪ್ಪು ಗಾಡಿಯಲ್ಲೋ ಪಕ್ಕದ ಬಿಳಿಯದರಲ್ಲೋ, ಗಾಂಧಿನಗರದ ಈ ಷೋರೂಮಿನಲ್ಲಿ ಏಸಿ ಇದ್ದರೂ ನನ್ನ ಬೆನ್ನು ಬೆವೆತಿದೆ, ಸೇಲ್ಸಿನ ದುರ್ಗೇಶ್ ಬಾಗಿಲು ಬಡಿದು ತೋರಿಸುತ್ತಾನೆ, ಸೌಂಡ್ ಕೇಳ್ರಿ ಸರ್, ತಗಡಲ್ಲ ಇದು, ಆರು ಏರ್‌ಬ್ಯಾಗ್, ಸೇಫ್ಟಿಗೆ ಫೈವ್ ಸ್ಟಾರ್ — ಗೊತ್ತಪ್ಪಾ, ಕಪ್ಪಿಗೂ ಐದು, ಬಿಳಿಗೂ ಐದು, ಕಪ್ಪಿನದು ತೂಕ ಜಾಸ್ತಿ, ಬಿಳಿಯದಕ್ಕೆ ಮೂರನೇ ಸಾಲಿನವರೆಗೂ ಏರ್‌ಬ್ಯಾಗ್, ಎರಡು ತಿಂಗಳಿಂದ ಇದನ್ನೇ ಓದಿದ್ದೇನೆ, ಗೊಂಬೆಗಳನ್ನು ಕೂರಿಸಿ ಗಾಡಿಯನ್ನು ಗೋಡೆಗೆ ಗುದ್ದಿಸುವ ವಿಡಿಯೋ ನೋಡಿದ್ದೇನೆ, ಗೊಂಬೆಯ ತಲೆ ಮುಂದಕ್ಕೆ ಹೋಗಿ ಹಿಂದಕ್ಕೆ ಬರುತ್ತದೆ, ಬೆಲ್ಟು ಹಿಡಿದುಕೊಳ್ಳುತ್ತದೆ, ಅವ್ವನ ತಲೆ ಹಿಂದಕ್ಕೆ ಬರಲಿಲ್ಲ. ಹಳೇ ಗಾಡಿ ಬರೀ ತಗಡು, ಅದಕ್ಕೇ ಅವ್ವ ಹೋದಳು ಎಂದು ಕುರುಗೋಡಿನ ಮಾವನಿಗೆ ಹೇಳಿದೆ, ತಿಥಿಗೆ ಬಂದವರಿಗೆಲ್ಲ ಹೇಳಿದೆ, ತಮ್ಮ ಹುಲುಗೇಶ ಕಂಪ್ನಿ ಮ್ಯಾಲೆ ಕೇಸ್ ಹಾಕೋಣು ಅಣ್ಣ ಎಂದಾಗ ಹ್ಞೂಂ ಎಂದೆ, ನಾಚಿಕೆಗೆಟ್ಟವನು ನಾನು.

ಅವತ್ತು ಹಳೇ ಗಾಡಿಯಲ್ಲಿ ಸಿರುಗುಪ್ಪದಿಂದ ಕೆಂಚನಗುಡ್ಡಕ್ಕೆ ಹೊರಟಿದ್ದೆವು, ನಾನು, ಅವ್ವ, ಇಬ್ಬರೇ, ಅವ್ವ ಮುಂದಿನ ಸೀಟಿನಲ್ಲಿ, ಗಾದಿಲಿಂಗ, ಈ ಪಟ್ಟಿ ಕುತ್ತಿಗಿ ಕೊಯ್ತೈತಿ, ತಗಿ ಅತ್ತ, ತೆಗೆದೆ, ಟಿಂಗ್ ಟಿಂಗ್ ಶುರುವಾಯಿತು, ಇದೇನ್ಲೇ ಒಂದೇ ಸಮ ಬಡ್ಕಂತೈತಿ — ಅದಕ್ಕೂ ನನ್ನ ಬಳಿ ಮದ್ದಿತ್ತು, ಬೆಲ್ಟಿನ ತುದಿಯಂಥದೇ ಚೋಟುದ್ದದ ಕಬ್ಬಿಣದ ಕ್ಲಿಪ್ಪು, ಬಕಲ್ಲಿಗೆ ಸಿಕ್ಕಿಸಿದರೆ ಬೆಲ್ಟು ಹಾಕಿದ್ದಾರೆಂದು ಗಾಡಿ ನಂಬಿ ಬಾಯಿ ಮುಚ್ಚುತ್ತದೆ, ಟಕ್, ಮುಚ್ಚಿತು, ಹಾಂ, ಈಗ ತಣ್ಣಗಾತು ನೋಡು ಎಂದು ಅವ್ವ ನಕ್ಕಳು, ಬಾಯಲ್ಲಿ ಎಲೆಯಡಿಕೆ, ಮುಂದೆ ಭತ್ತದ ಟ್ರ್ಯಾಕ್ಟರ್, ಗಕ್ಕನೆ ನಿಂತಿತು. ನಾನು ಬೆಲ್ಟು ಹಾಕಿದ್ದೆ, ನನಗೆ ಎದೆಯ ಮೇಲೆ ಒಂದು ಕೆಂಪು ಬರೆ, ಅಷ್ಟೇ, ಗದ್ದೆಯಿಂದ ಜನ ಓಡಿ ಬರುತ್ತಿದ್ದಾರೆ, ಅಷ್ಟರಲ್ಲಿ ನಾನು ಮಾಡಿದ್ದೇನು, ಅವ್ವಾ ಎನ್ನಲಿಲ್ಲ, ಅವಳ ಮುಖ ಎತ್ತಲಿಲ್ಲ, ಮೊದಲು ಕ್ಲಿಪ್ಪು ಕಿತ್ತೆ, ಅದರ ಜೊತೆ ಸೆರಗಿನ ಹಸಿರು ದಾರ ಒಂದೆಳೆ ಸಿಕ್ಕಿಕೊಂಡು ಬಂತು, ಹಾಗೇ ಜೇಬಿಗೆ ಹಾಕಿಕೊಂಡೆ.

ಬೆಲ್ಟ್ ಹಾಕ್ಕೊಂಡ್ರಷ್ಟೇ ಈ ಸ್ಟಾರೆಲ್ಲ ಸರ್, ಇಲ್ಲಾಂದ್ರ ಏನೂ ಮಾಡಾಕಾಗಲ್ಲ ಎನ್ನುತ್ತಾ ದುರ್ಗೇಶ್ ನನ್ನ ಕೈಗೆ ಕೀ ಕೊಡುತ್ತಾನೆ, ಒಂದು ರೌಂಡ್ ಹೊಡೀರಿ ಸರ್, ನಾನು ಕೂತೆ, ಹೆಂಡತಿ ರೇಣುಕಾ ಎಡಗಡೆ ಹತ್ತಿದಳು, ಬೆಲ್ಟು ಎಳೆದು ನೋಡಿ ಬಿಟ್ಟಳು, ಟಿಂಗ್ ಟಿಂಗ್, ಅಯ್ಯ ಇದೊಂದು ಕಿರಿಕಿರಿ, ಹಳೇ ಗಾಡ್ಯಾಗ ಒಂದು ಕ್ಲಿಪ್ ಇತ್ತಲ್ರಿ, ಅದನ್ನ ಇದಕ್ಕ ಹಾಕಿದ್ರಾತು, ಎಲ್ಲೈತ್ರಿ ಅದು — ಎಲ್ಲಿದೆ, ಅವತ್ತಿನಿಂದ ನನ್ನ ಜೇಬಲ್ಲೇ ಇದೆ, ಗೊತ್ತಿಲ್ಲ ಅನ್ನು, ಗಾಡಿಯ ಜೊತೆ ಗುಜರಿಗೆ ಹೋಯಿತು ಅನ್ನು, ಇಷ್ಟು ದಿನ ಹೇಳಿದ್ದೀಯಲ್ಲ ಸುಳ್ಳು, ಇನ್ನೊಂದು ಹೇಳು, ಆದರೆ ನಾಳೆ ಸಂತೆಯಲ್ಲಿ ಕಂಡರೆ ಇವಳೇ ಒಂದು ಕೊಂಡು ತರುತ್ತಾಳೆ, ಇವಳ ತಲೆಯೂ ಆ ಗಾಜಿಗೆ — ಯಾಕ್ರೀ ಬೆವರಾಕತ್ತೀರಿ, ಟಿಂಗ್ ಟಿಂಗ್, ಕೈ ತಾನಾಗಿ ಜೇಬಿಗೆ ಹೋಯಿತು, ಅವಳ ಮುಂದೆ ಅಂಗೈ ಬಿಚ್ಚಿದೆ, ಇದು ಹಾಕಿದ್ದೆ ರೇಣುಕಾ, ಅವತ್ತು ಅವ್ವನ ಸೀಟಿಗೆ ಇದು ಹಾಕಿದ್ದೆ, ಅವಳು ಕ್ಲಿಪ್ಪಿಗೆ ಸಿಕ್ಕಿಕೊಂಡಿದ್ದನ್ನು ಎರಡು ಬೆರಳಲ್ಲಿ ಹಿಡಿದು ಎಳೆಯುತ್ತಿದ್ದಾಳೆ, ಟಿಂಗ್ ಟಿಂಗ್, ಹಸಿರು ದಾರ, ಒಂದೆಳೆ, ಟಿಂಗ್, ಹಸಿರು ದಾರ