ಮಂಟಪಕ್ಕೆ ನೀಲಿ ಬಣ್ಣ

ಜೀಪು ದೊಡ್ಡಬಳ್ಳಾಪುರದ ನೇಕಾರರ ಬೀದಿಗೆ ತಿರುಗಿದ್ದೇ ತಡ, ಹಿಂದಿನ ಸೀಟಿನಲ್ಲಿದ್ದ ರಾಮಾಂಜಿನಪ್ಪ ಮುಂದಕ್ಕೆ ಬಗ್ಗಿ ಕಣ್ಣುಜ್ಜಿಕೊಂಡು ನೋಡಿದ. ಎಣ್ಣೆಜಿಡ್ಡು ಹಿಡಿದು ಕರ್ರಗೆ ಕೂತಿರುತ್ತಿದ್ದ ಕಲ್ಲುಮಂಟಪ ತಿಳಿನೀಲಿ ಆಯಿಲ್ ಪೇಂಟಿನಲ್ಲಿ ಮಿರಮಿರ ಮಿಂಚುತ್ತಿತ್ತು. ಕಂಬಗಳಿಗೆ ಬಾಳೆಕಂದು, ನೆಲಕ್ಕೆ ಬಾತ್‌ರೂಮಿನ ಟೈಲ್ಸು.

ರಸ್ತೆ ಅಗಲ ಮಾಡುವವರು ಮಂಟಪಕ್ಕೆ ಗುರುತು ಹಾಕಿಹೋಗಿ ಎರಡು ವರ್ಷವಾಗಿತ್ತು. ಹಳೆಯ ಕಟ್ಟಡವೆಂದು ಸರ್ಕಾರದ ಪಟ್ಟಿಗೆ ಸೇರಿದರೆ ಮಾತ್ರ ಅದು ಉಳಿಯುತ್ತದೆಂದು ಗೊತ್ತಾದ ಮೇಲೆ ರಾಮಾಂಜಿನಪ್ಪ ಮಗ್ಗ ನಿಲ್ಲಿಸಿ ಕಚೇರಿ ಕಚೇರಿ ಅಲೆದಿದ್ದ. ಅವನಿಗಿದ್ದ ಸಾಕ್ಷಿ ಒಂದೇ, ಬಲಗಡೆಯ ಕಂಬದ ಮೇಲಿನ ಏಳು ಸಾಲು ಹಳೆಯ ಬರಹ. ಫೋಟೋ ತೆಗೆದರೆ ಬರೀ ಜಿಡ್ಡು ಬರುತ್ತಿತ್ತು. ಬೆರಳಾಡಿಸಿದರೆ ಅಕ್ಷರ ಸಿಗುತ್ತಿದ್ದವು. ಕೊನೆಗೂ ಒಬ್ಬ ಸಾಹೇಬರು ಬಂದು ನೋಡಲು ಒಪ್ಪಿದರು. ಅವರನ್ನು ಕರೆತರಲು ಎರಡು ದಿನ ಮೊದಲೇ ಬೆಂಗಳೂರಿಗೆ ಹೊರಟವನು ಹೆಂಡತಿ ಮುನಿರತ್ನಮ್ಮನಿಗೆ, "ದೊಡ್ಡೋರು ಬರ್ತಾವ್ರೆ, ಮಂಟಪ ಒಂಚೂರು ಚೊಕ್ಕ ಮಾಡ್ಸು" ಎಂದಿದ್ದ. ಹಾಳು ಬಾಯಿ, ಸುಮ್ಮನಿರಬಾರದಿತ್ತೆ?

ಬೀದಿಯ ಹೆಂಗಸರೆಲ್ಲ ಒಳ್ಳೆಯ ಸೀರೆಯುಟ್ಟು ನಿಂತಿದ್ದರು. ಮುನಿರತ್ನಮ್ಮ ಆರತಿ ತಟ್ಟೆ ಹಿಡಿದು ಮುಂದೆ ಬಂದಳು. ಎರಡು ದಿನ ಸರಿಯಾಗಿ ಊಟ ಮಾಡದೆ ದುಡಿದಿದ್ದರೂ ಮುಖ ಅರಳಿತ್ತು.

"ಕಂಬ ಬಲೇ ಒರಟಾಗಿತ್ತು ಸಾರ್. ಬಣ್ಣ ಹಿಡೀಲಿ ಅಂತ ಮೇಸ್ತ್ರಿ ಲಕ್ಷ್ಮಯ್ಯನ ಕೈಲಿ ಕಲ್ಲು ಉಜ್ಜೋ ಮಿಷಿನ್ ಹಾಕ್ಸಿ ನೈಸ್ ಮಾಡ್ಸಿದ್ವಿ" ಅಂದಳು.

ಸಾಹೇಬರು ಬಲಗಂಬದ ಸುತ್ತ ಎರಡು ಸಲ ಬಂದರು. ಕೆಟ್ಟ ಮನುಷ್ಯರಲ್ಲ, ಬೈಯಲೂ ಇಲ್ಲ.

"ಪಟ್ಟಿಗೆ ಸೇರ್ಸೋಕೆ ನಂಗೆ ಏನಾದ್ರೂ ಕಾಣ್ಬೇಕಲ್ಲಪ್ಪಾ ರಾಮಾಂಜಿನಪ್ಪ. ಏನಂತ ಬರೀಲಿ ಹೇಳು?" ಎಂದರು. ಕೊಟ್ಟ ಮಜ್ಜಿಗೆ ಕುಡಿದು ಜೀಪು ಹತ್ತಿದರು.

ಹೆಂಗಸರು ಒಬ್ಬೊಬ್ಬರಾಗಿ ಮನೆಗೆ ಸರಿದರು. ಏನಾಯಿತೆಂದು ತಿಳಿಯಲು ಮುನಿರತ್ನಮ್ಮನಿಗೆ ಸ್ವಲ್ಪ ಹೊತ್ತು ಬೇಕಾಯಿತು. ತಿಳಿದದ್ದೇ ಆರತಿ ತಟ್ಟೆ ಕೆಳಗಿಟ್ಟಳು.

"ಬಣ್ಣ ತಾನೇ? ತೆಗೆದ್ರಾಯ್ತು ಬುಡಿ. ಅಕ್ಸರ ಒಳಗೇ ಇರ್ತವೆ. ಇನ್ನೊಂದ್ಸಲ ಕರ್ಕೊಂಡ್ ಬರೋರಂತೆ" ಎನ್ನುತ್ತ ಉಳಿದಿದ್ದ ತಿನ್ನರ್ ಡಬ್ಬಿ ತಂದಳು. ಹಳೇ ಸೀರೆಯ ತುಂಡು ಅದ್ದಿ ಕಂಬ ಉಜ್ಜತೊಡಗಿದಳು. ಅವಳಿಗೆ ಓದು ಬರಹ ಬಾರದು.

ರಾಮಾಂಜಿನಪ್ಪನಿಗೆ ಕೂಗಾಡಬೇಕೆನಿಸಿತು. ಅದಕ್ಕಿಂತ ಹೆಚ್ಚಾಗಿ ಅಳಬೇಕೆನಿಸಿತು. ನೀಲಿ ಕರಗಿ ಕಲ್ಲು ಅಂಗೈಯಗಲ ಹೊರಬಂದಿತ್ತು. ಅವನು ಬೆರಳಾಡಿಸಿದ. ಏಳು ಸಾಲೂ ಇದ್ದ ಜಾಗ ಅಡುಗೆಕಟ್ಟೆಯಷ್ಟು ನುಣುಪಾಗಿತ್ತು.

"ಬಂತೇನ್ರೀ ಅಕ್ಸರ?" ಏದುಸಿರು ಬಿಡುತ್ತ ಅವಳು ಕೇಳಿದಳು.

ಅವನು ಪಕ್ಕದಲ್ಲಿ ಕೂತು ಇನ್ನೊಂದು ಬಟ್ಟೆ ಎತ್ತಿಕೊಂಡ.

"ಬತ್ತದೆ. ಇನ್ನೊಂಚೂರು ಉಜ್ಜು."