ತುಟಿಯಲ್ಲಿ ಕಚ್ಚಿದ ಗುಂಡುಸೂಜಿ

ನನಗೆ ಬಾಯಿ ಜಾಸ್ತಿ, ಒಪ್ಪುತ್ತೇನೆ. ಹೊಲಿಗೆ ಅಂಗಡಿಯಲ್ಲಿ ಮೂವತ್ತು ವರ್ಷ ಗಿರಾಕಿಗಳೊಡನೆ ಹರಟಿದ ನಾಲಿಗೆ ಇದು. ಅದಕ್ಕೇ ತಂಗಿಯ ಮಗಳು ತನ್ನ ಸಂಶೋಧನೆಗೆ ನನ್ನನ್ನು ಹಿಡಿದಳು. ಕನ್ನಡ ಕಲಿಯುತ್ತಿರುವವರು ವಾರಕ್ಕೆರಡು ಸಲ ವಿಡಿಯೊ ಕಾಲ್‌ನಲ್ಲಿ ಕನ್ನಡದವರ ಜೊತೆ ಅರ್ಧ ಗಂಟೆ ಮಾತಾಡಿದರೆ ಮಾತು ಸಲೀಸಾಗುತ್ತದೆಯೇ ಎಂದು ಅವಳು ನೋಡಬೇಕಿತ್ತು.

ನನ್ನ ಪಾಲಿಗೆ ಬಂದವಳು ಒಬ್ಬ ನರ್ಸ್. ಪಾಠವೆಲ್ಲ ಬರುತ್ತಿತ್ತು, ಬಾಯಿ ಮಾತ್ರ ಬಿಡಳು. ರೋಗಿಗಳೊಡನೆ ಮಾತಾಡಲು ಬಾರದಿದ್ದರೆ ತಿಂಗಳ ಕೊನೆಗೆ ವಾರ್ಡಿನಿಂದ ತೆಗೆದು ಔಷಧಿ ಉಗ್ರಾಣಕ್ಕೆ ಹಾಕುತ್ತೇವೆ ಎಂದಿದ್ದರಂತೆ ಮೇಲಿನವರು. ಅದನ್ನು ಹೇಳುವಾಗ ಅವಳ ಕಣ್ಣು ತುಂಬಿತು, ನನ್ನ ಕರುಳು ಚುರಕ್ಕೆಂದಿತು.

ಚುರಕ್ಕೆಂದು ನಾನು ಮಾಡಿದ್ದೇನು? ಅವಳು ಒಂದು ಪದಕ್ಕೆ ತಡವರಿಸಿದರೆ ಸಾಕು, ಪೂರ್ತಿ ಮಾತನ್ನೇ ಮುಗಿಸಿಕೊಟ್ಟೆ. ಎರಡು ವಾರದ ರೆಕಾರ್ಡಿಂಗ್ ಕೇಳಿದ ತಂಗಿಯ ಮಗಳು ತಲೆಯ ಮೇಲೆ ಕೈ ಹೊತ್ತು ಕೂತಳು. ಅರ್ಧ ಗಂಟೆಯಲ್ಲಿ ಆ ಹುಡುಗಿಯ ಮಾತು ಎರಡೇ ನಿಮಿಷ!

“ದೊಡ್ಡಮ್ಮ, ಹೀಗೇ ಆದ್ರೆ ಅವಳನ್ನ ಉಗ್ರಾಣಕ್ಕೆ ಕಳಿಸೋದು ನೀನೇ,” ಎಂದಳು.

ಮೈಯೆಲ್ಲ ಉರಿದುಹೋಯಿತು. ಅವಳ ಮಾತು ನಿಜವಾದದ್ದಕ್ಕೇ ಅಷ್ಟು ಉರಿ.

ಬಟ್ಟೆಯ ಅಂಚು ಮಡಚುವಾಗ ನಾವು ದರ್ಜಿಗಳು ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಳ್ಳುತ್ತೇವೆ. ದಿನದಲ್ಲಿ ನಾನು ಬಾಯಿ ಮುಚ್ಚುವುದು ಆಗ ಮಾತ್ರ. ಮುಂದಿನ ಕಾಲ್‌ಗೆ ಮಡಿಲಲ್ಲೊಂದು ಲಂಗ ಹರಡಿ, ಐದು ಸೂಜಿ ಕಚ್ಚಿ ಫೋನಿನ ಮುಂದೆ ಕೂತೆ. ಅವಳ ನಮಸ್ಕಾರಕ್ಕೆ ತಲೆಯಾಡಿಸಿದೆ. ಅವಳು ನನ್ನ ಬಾಯನ್ನೇ ನೋಡಿದಳು.

“ಅಮ್ಮ, ಅದು ಸೂಜಿನಾ? ಮೊದಲು ತೆಗೀರಿ. ಒಂದು ಕೆಮ್ಮು ಬಂದ್ರೆ ಗಂಟಲಿಗೆ ಹೋಗತ್ತೆ.”

ನಾನು ಒಲ್ಲೆನೆಂದು ತಲೆಯಾಡಿಸಿ ಲಂಗದ ಅಂಚು ಮಡಚತೊಡಗಿದೆ. ಅವಳಿಗೆ ಸಿಟ್ಟು ಏರಿತು. ಹಿಂದೊಮ್ಮೆ ಸೂಜಿ ನುಂಗಿ ಬಂದ ಒಬ್ಬ ದರ್ಜಿಯ ಕಥೆ ಶುರುಮಾಡಿದಳು. ಎಕ್ಸ್‌ರೇ ತೆಗೆದದ್ದು, ಅವರು ನಡುಗಿದ್ದು, ಧೈರ್ಯ ಹೇಳಲು ಮಾತು ಬಾರದೆ ತಾನು ರಾತ್ರಿಯೆಲ್ಲ ಬರೀ ಅವರ ಕೈ ಹಿಡಿದು ಕೂತದ್ದು. ನಡುನಡುವೆ ತಡವರಿಸಿದಳು, ಹುಡುಕಿದಳು, ತಾನೇ ದಾಟಿದಳು. ಪದ ನನ್ನ ನಾಲಿಗೆ ತುದಿಗೇ ಬಂದಿತ್ತು, ಸೂಜಿ ತಡೆಯಿತು.

“ಅವತ್ತು ಅವರಿಗೆ ಹೇಳಕ್ಕಾಗ್ಲಿಲ್ಲ. ನಿಮಗೆ ಹೇಳ್ತಿದೀನಿ. ಹೆದರಬೇಡಿ, ನಾನು ಇಲ್ಲೇ ಇದೀನಿ. ಈಗ ತೆಗೀರಿ.”

ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದೆ. ಕಣ್ಣೊರೆಸಿಕೊಂಡು, “ನಾಳೆ ವಾರ್ಡಲ್ಲೂ ಹೀಗೇ ಬೈಯಮ್ಮ,” ಎಂದೆ. ಆ ದಿನ ಇಡೀ ಅರ್ಧ ಗಂಟೆಯಲ್ಲಿ ನನ್ನದು ಅದೊಂದೇ ಮಾತು.

ತಿಂಗಳು ಕಳೆಯಿತು, ಅವಳು ವಾರ್ಡಿನಲ್ಲೇ ಇದ್ದಾಳೆ. ನಾನೀಗ ಸೂಜಿ ಕಚ್ಚುವುದಿಲ್ಲ. ಅವಳ ಬಾಯಿಗೆ ಹೆದರಿ!